ಹಿಂದಕ್ಕೆ ಬಿದ್ದರೋ, ಮುಂದಕ್ಕೋ?

ನಮ್ಮವರು ಮೊದಲ ಸಲ ಬಿದ್ದದ್ದು ಹಿಂದಕ್ಕೆ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಯಾಕೆಂದರೆ ಮುಂದಿನ ಒಂದೂವರೆ ವರ್ಷ ನಾವು ಎಡತಾಕಿದ ಯಾವ ದವಾಖಾನೆಯಲ್ಲೂ ಇದನ್ನು ಯಾರೂ ಕೇಳಲಿಲ್ಲ. ಎಷ್ಟು ಸಲ ಬಿದ್ದಿರಿ ಎಂದು ಕೇಳಿದರು. ಎಲ್ಲಿ ಪೆಟ್ಟಾಯಿತು ಎಂದು ಕೇಳಿದರು. ಶುಗರ್ ಇದೆಯಾ, ಬಿ.ಪಿ. ಇದೆಯಾ, ಕುಡಿಯುವ ಅಭ್ಯಾಸ ಇದೆಯಾ ಎಂದೂ ಕೇಳಿದರು. ಯಾವ ಕಡೆಗೆ ಬಿದ್ದಿರಿ ಎಂದು ಮಾತ್ರ ಕೇಳಲಿಲ್ಲ. ಅವರು ಕೇಳದಿದ್ದ ಮೇಲೆ ನಾವಾದರೂ ಯಾಕೆ ಹೇಳುತ್ತೇವೆ? ಬಿದ್ದರು ಎಂದರೆ ಬಿದ್ದರು.

ನನ್ನ ಗಂಡ ಶಿವಲಿಂಗಪ್ಪ ಬೆಳಗಾವಿ ಹೊರಗಿನ ಮಚ್ಛೆ ಊರಿನಲ್ಲಿ ಸಣ್ಣದೊಂದು ಮಶೀನ್ ಶಾಪ್ ಇಟ್ಟವರು. ದೊಡ್ಡ ಕಾರ್ಖಾನೆಗಳಿಗೆ ಬೇಕಾದ ಸಣ್ಣ ಸಣ್ಣ ಬಿಡಿಭಾಗಗಳನ್ನು ಲೇತ್ ಯಂತ್ರದ ಮೇಲೆ ಕಡೆದು ಕೊಡುವ ಕೆಲಸ. ಮನೆ ಬೆಳಗಾವಿ ಶಹರದೊಳಗೆ, ಶಹಾಪುರದಲ್ಲಿ. ನಾನು ಗಿರಿಜಾ, ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನನ್ನ ವಿದ್ಯಾರ್ಥಿಗಳಿಗೆಲ್ಲ ಇದು ಗೊತ್ತು. ನಮ್ಮವರು ಅದಕ್ಕೆ ಪೂರ್ತಿ ಉಲ್ಟಾ. ನಾನು ಹತ್ತು ಮಾತು ಬೈದರೆ ಅವರು ಒಂದು ನಗು ನಕ್ಕು ಚಹಾ ಕೇಳುತ್ತಿದ್ದರು.

ಆ ದಿನ ಬೆಳಿಗ್ಗೆ ಶಾಪಿನ ಶಟರ್ ಎತ್ತಲು ಹೋಗಿ ನಿಂತ ನಿಲುವಿನಲ್ಲೇ ಹಿಂದಕ್ಕೆ ಉರುಳಿದರಂತೆ. ಕೈ ಊರಲಿಲ್ಲ, ಕೂಗಲಿಲ್ಲ. ಮಗ ಪ್ರಕಾಶ ಫೋನು ಮಾಡಿದಾಗ ನಾನು ಕೇಳಿದ್ದು, "ಚಪ್ಪಲಿ ಜಾರಿತೇನೊ?" ಎಂದು. ಅವನು ಹೂಂ ಎಂದ. ಅಲ್ಲಿಗೆ ಮುಗಿಯಿತು.

ಮುಗಿಯಲಿಲ್ಲ.

ಮತ್ತೆ ಬಿದ್ದರು. ಬಚ್ಚಲ ಬಾಗಿಲಲ್ಲಿ ಬಿದ್ದರು, ಬಸ್ ಸ್ಟ್ಯಾಂಡಿನಲ್ಲಿ ಬಿದ್ದರು. ನಮ್ಮ ಓಣಿಯ ಡಾಕ್ಟರು ಬಿ.ಪಿ. ಲೋ ಆಗಿದೆ ಎಂದು ಉಪ್ಪು ಹಾಕಿದ ಲಿಂಬೆ ಶರಬತ್ತು ಕುಡಿಸಲು ಹೇಳಿದರು. ಕುಡಿಸಿದೆ. ಆಮೇಲೆ ಕಿವಿಯ ಡಾಕ್ಟರು ವರ್ಟಿಗೋ ಎಂದರು. ತಲೆ ತಿರುಗುತ್ತದಾ ಎಂದು ಕೇಳಿದರೆ ಇವರು ಇಲ್ಲ ಎನ್ನುತ್ತಾರೆ, ಆದರೂ ತಲೆ ತಿರುಗಿದ್ದಕ್ಕೇ ಗುಳಿಗೆ. ಗುಳಿಗೆ ತಿಂದು ಮಧ್ಯಾಹ್ನವೆಲ್ಲ ಮಲಗುತ್ತಿದ್ದರು, ಎದ್ದು ಬೀಳುತ್ತಿದ್ದರು.

ಅಷ್ಟರಲ್ಲಿ ಅಂಗಿಯ ಮೇಲೆ ಸಾರು ಚೆಲ್ಲಿಕೊಳ್ಳುವುದು ಸುರುವಾಯಿತು. ಜೀವನದಲ್ಲಿ ಒಮ್ಮೆಯೂ ಅಗಳು ಚೆಲ್ಲದ ಮನುಷ್ಯ. ತಾಟಿನಲ್ಲಿ ಪಲ್ಯ ಒಂದು ಕಡೆ ಇದ್ದರೆ ಬೆರಳು ಇನ್ನೊಂದು ಕಡೆ ಹುಡುಕುತ್ತಿತ್ತು. ಅರಿಸಿನದ ಕಲೆ ತಿಕ್ಕಿ ತಿಕ್ಕಿ ನನ್ನ ಕೈ ಸವೆದವು. "ಲಕ್ಷ್ಯ ಎಲ್ಲೈತ್ರಿ ನಿಮ್ದು? ತಾಟ ನೋಡಿ ಉಣ್ರಿ!" ಎಂದು ದಿನಾ ಒದರುತ್ತಿದ್ದೆ. ಮೆಟ್ಟಿಲು ಇಳಿಯುವಾಗ ಕಾಲಿನಿಂದ ತಡಕುತ್ತಿದ್ದರು. ಲೇತ್ ಮೇಲಿನ ಕೆಲಸ ನೋಡಲು ಇಡೀ ಮೈಯನ್ನೇ ಬಗ್ಗಿಸುತ್ತಾರೆ ಎಂದು ಪ್ರಕಾಶ ಹೇಳಿದ. ಕಡೆದ ಮಾಲು ಅಳತೆ ತಪ್ಪಿ ವಾಪಸ್ ಬರತೊಡಗಿದಾಗ ಒಂದು ದಿನ ಶಾಪಿನ ಬೀಗದ ಕೈಯನ್ನು ಮಗನ ಕೈಯಲ್ಲಿಟ್ಟು ಸುಮ್ಮನೆ ಮನೆಗೆ ಬಂದು ಕುಳಿತರು.

ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಎದುರು ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸಿದರು. ನಮ್ಮವರು ಕೊನೆಯ ಸಾಲಿನವರೆಗೆ ಓದಿದರು. "ಕಣ್ಣು ಛಲೋ ಅದಾವ್ರಿ, ಚಷ್ಮಾದ ನಂಬರ್ ಅಷ್ಟ ಬದಲ ಮಾಡೂಣು" ಎಂದರು. ಹೊಸ ಚಷ್ಮಾ ಬಂತು. ಅದರಿಂದ ಆಗದಾಗ ಇನ್ನೊಂದು ಬಂತು. ಈಗ ಯೋಚಿಸಿದರೆ ಮೈ ಉರಿಯುತ್ತದೆ. ಆ ಪಟ ಗೋಡೆಯ ಮೇಲೆ ಕಣ್ಣಿನ ನೇರಕ್ಕೆ ಇತ್ತು. ನೇರಕ್ಕೆ ಇದ್ದದ್ದು ಇವರಿಗೆ ಎಂದೂ ಕಾಣದೇ ಇರಲಿಲ್ಲ.

ಓಣಿಯವರಿಗೆ ಇಷ್ಟೆಲ್ಲ ತಪಾಸಣೆ ಬೇಕಾಗಲಿಲ್ಲ. ಅವರು ಕುಡಿತ ಎಂದು ತೀರ್ಮಾನಿಸಿದ್ದರು. ಚಹಾ ಬಿಟ್ಟು ಬೇರೆ ಚಟ ಗೊತ್ತಿಲ್ಲದ, ಕೊರಳಲ್ಲಿ ಲಿಂಗ ಕಟ್ಟಿಕೊಂಡು ಓಡಾಡುವ ಮನುಷ್ಯ ನಡೆಯುವಾಗ ತೂರಾಡುತ್ತಾನೆ, ತೊದಲುತ್ತಾನೆ, ಮಾತಾಡಿಸಿದರೆ ಕಣ್ಣು ಬಿಟ್ಟು ದುರುಗುಟ್ಟುತ್ತಾನೆ. ಮತ್ತೇನು ಅಂದುಕೊಳ್ಳಬೇಕು? ಕಿರಾಣಿ ಅಂಗಡಿಯವನು ಒಮ್ಮೆ ನನ್ನ ಹತ್ತಿರ ದನಿ ತಗ್ಗಿಸಿ, "ಬಿಡಸೂ ಔಷಧ ಸಿಗತೈತ್ರಿ ಅಕ್ಕಾರ" ಎಂದ. ಅವತ್ತು ಅವನ ಅಂಗಡಿಯಲ್ಲಿ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ನನಗೆ ಬೇಕಾಗಿದ್ದು ಒಂದೇ. ಈ ಮನುಷ್ಯನಿಗೆ ಏನಾಗಿದೆ? ಯಾರಾದರೂ ಒಂದು ಹೆಸರು ಹೇಳಲಿ. ಅವರು ತಲೆ ಒಡೆದುಕೊಳ್ಳುವ ಮೊದಲು ಹೇಳಲಿ.

ಹೆಸರು ಹೇಳಿದ್ದು ನಮ್ಮವರ ಅಕ್ಕ, ಗಂಗಕ್ಕ. ಅವರ ಮನೆ ಹಿಂದಿನ ಓಣಿಯಲ್ಲೇ ಇದೆ. ಆದರೆ ಅವರು ಹೇಳಿದ್ದು ರೋಗದ ಹೆಸರಲ್ಲ.

ನಮ್ಮಲ್ಲಿ ದಿನಾ ಸ್ನಾನವಾದ ಮೇಲೆ ಕೊರಳಿನ ಇಷ್ಟಲಿಂಗವನ್ನು ಎಡಗೈ ಅಂಗೈಯಲ್ಲಿಟ್ಟು ಪೂಜಿಸುತ್ತೇವೆ. ಅಂಗೈ ಎದೆಯ ಮಟ್ಟದಲ್ಲಿರುತ್ತದೆ, ದೃಷ್ಟಿ ಲಿಂಗದ ಮೇಲೆ. ರೆಪ್ಪೆ ಬಡಿಯದೆ ನೋಡುವುದಕ್ಕೆ ದೊಡ್ಡ ಬೆಲೆ. ಅನಿಮಿಷ ದೃಷ್ಟಿ ಎನ್ನುತ್ತಾರೆ. ನನಗಂತೂ ಈ ವಯಸ್ಸಿಗೂ ಅದು ಸಾಧಿಸಿಲ್ಲ, ಕುಕ್ಕರಿನ ಸೀಟಿಯ ಕಡೆಗೇ ಕಿವಿ. ನಮ್ಮವರ ಅಂಗೈ ಆ ವರ್ಷ ಮೆಲ್ಲಗೆ ಮೇಲಕ್ಕೆ ಏರಿತು. ಮೊದಲು ಎದೆಯ ಹತ್ತಿರವಿತ್ತು. ಆಮೇಲೆ ಗದ್ದದ ಹತ್ತಿರ ಬಂತು. ದೀಪಾವಳಿ ಹೊತ್ತಿಗೆ ಕೈ ನೇರ ಕಣ್ಣಿನ ಮುಂದೆ ಇತ್ತು. ರೆಪ್ಪೆಯನ್ನಂತೂ ಅವರು ಬಡಿಯುತ್ತಲೇ ಇರಲಿಲ್ಲ. ಕುಳಿತರೆ ಕುಳಿತೇ ಇರುತ್ತಿದ್ದರು, ಮಾತಿಲ್ಲ ಕತೆಯಿಲ್ಲ.

ಗಂಗಕ್ಕ ಒಂದು ಬೆಳಿಗ್ಗೆ ಇದನ್ನು ನೋಡಿ ಬಾಗಿಲಲ್ಲೇ ಕೈ ಮುಗಿದು ನಿಂತರು.

"ಗಿರಿಜಾ, ನಿನಗ ತಿಳೀವಲ್ದು. ಕಣ್ಣ ಪಿಳುಕಸವಲ್ಲ ನೋಡ! ನನ್ನ ತಮ್ಮ ಮ್ಯಾಲಕ್ಕ ಏರಾಕತ್ತಾನ."

"ಮ್ಯಾಲಕ್ಕ ಏರಾವ್ರು ಹಿಂಗ ನೆಲಕ್ಕ ಬೀಳ್ತಾರೇನ್ರಿ ಅಕ್ಕಾರ?" ಎಂದೆ.

"ದೇಹದ ಮ್ಯಾಲಿನ ಖಬರ ಹೋದ್ರ ಬೀಳತಾರವ್ವಾ" ಎಂದರು.

ಸುದ್ದಿ ಹರಡಲು ಎಷ್ಟು ಹೊತ್ತು? ಬೆಳಿಗ್ಗೆ ಪೂಜೆಯ ಹೊತ್ತಿಗೆ ಜನ ಬರತೊಡಗಿದರು. ಬಂದವರು ಜಮಖಾನೆಯ ಮೇಲೆ ಸಾಲಾಗಿ ಕುಳಿತು ನೋಡುತ್ತಿದ್ದರು. ಮಾತಾಡದಿದ್ದದ್ದು ಮೌನವಾಯಿತು. ದುರುಗುಟ್ಟಿದ್ದು ದೃಷ್ಟಿಯೋಗವಾಯಿತು. ಶಾಪ್ ಬಿಟ್ಟದ್ದು ವೈರಾಗ್ಯವಾಯಿತು. ಕೆಲವರು ಕಾಲಿಗೂ ಬಿದ್ದರು.

ಕುಡುಕ ಎಂದವರೇ ಶರಣರು ಎಂದರು.

ಬಂದವರಿಗೆಲ್ಲ ಚಹಾ ಮಾಡುವವಳು ನಾನು. ಒಂದು ದಿನ ಎಲ್ಲರೂ ಹೋದ ಮೇಲೆ ಇವರ ಎದುರು ಕುಳಿತು ಕೇಳಿದೆ. "ಖರೇ ಹೇಳ್ರಿ, ಕೈ ಯಾಕ ಅಷ್ಟ ಮ್ಯಾಲ ಹಿಡಿತೀರಿ?" ಬಹಳ ಹೊತ್ತಿನ ಮೇಲೆ ಒಂದೊಂದೇ ಮಾತು ಬಂತು. "ಕೆಳಗ... ಹಿಡದ್ರ... ಕಾಣಂಗಿಲ್ಲ." ನಾನು ಮತ್ತೆ ಚಷ್ಮಾದ ಅಂಗಡಿಗೆ ಓಡಿದೆ. ಅಂಗಡಿಯವನು, "ರೂಢಿ ಆಗೋತನಾ ಹಂಗ್ರಿ" ಎಂದ.

ಆಮೇಲೆ ಎಲುಬಿನ ಡಾಕ್ಟರು. ಕುತ್ತಿಗೆಯ ಎಂ.ಆರ್.ಐ. ಮಾಡಿಸಿದರು. ಡಿಸ್ಕ್ ಸವೆದಿದೆ, ನರ ಒತ್ತಿದೆ, ಅದಕ್ಕೇ ಬ್ಯಾಲೆನ್ಸ್ ಹೋಗಿದೆ ಎಂದು ಫಿಲ್ಮ್ ಹಿಡಿದು ತೋರಿಸಿದರು. ಕುತ್ತಿಗೆಗೆ ಕಾಲರ್ ಹಾಕಿದರು. ಅದು ಹಾಕಿದ ಮೇಲೆ ಇವರು ತಲೆ ಬಗ್ಗಿಸಲೂ ಆಗದೆ ಇನ್ನೂ ಹೆಚ್ಚು ಬಿದ್ದರು. ಹಾಗಾದರೆ ಆಪರೇಶನ್ನೇ ಗತಿ, ತಡಮಾಡಿದರೆ ಕೈಕಾಲು ಬಿದ್ದುಹೋಗಬಹುದು ಎಂದರು. ದಿನ ನಿಗದಿಯಾಯಿತು. ನನಗೆ ಹೆದರಿಕೆಯೂ ಆಯಿತು, ಸಮಾಧಾನವೂ ಆಯಿತು. ಒಂದು ಹೆಸರಾದರೂ ಸಿಕ್ಕಿತಲ್ಲ, ಅದೂ ಕತ್ತರಿಸಿ ಸರಿ ಮಾಡುವಂಥದ್ದೇ ತಾನೆ ಎಂದುಕೊಂಡೆ.

ಅಡ್ಮಿಟ್ ಆಗುವ ಮೊದಲಿನ ರವಿವಾರ ಖಾನಾಪುರದಲ್ಲಿ ನನ್ನ ತಮ್ಮ ಈರಣ್ಣನ ಮೊಮ್ಮಗಳ ತೊಟ್ಟಿಲ ಕಾರ್ಯ ಇತ್ತು. ಖಾನಾಪುರ ನನ್ನ ತವರು. ಹೋಗುವುದು ಬೇಡ ಎಂದುಕೊಂಡಿದ್ದೆ. ಈರಣ್ಣ ಗಾಡಿ ಕಳಿಸಿದ, "ಮಾಮಾರನ್ನ ನೋಡಾಕ ಮಂದಿ ಕಾಯಾಕತ್ತಾರ" ಎಂದ. ಅಲ್ಲಿಯವರೆಗೂ ಸುದ್ದಿ ಮುಟ್ಟಿತ್ತು.

ಊಟವಾಯಿತು. ಇವರನ್ನು ಅಂಗಳದಲ್ಲಿ ಕುರ್ಚಿಯ ಮೇಲೆ ಕೂರಿಸಿ ನಾನು ಕೈ ತೊಳೆಯಲು ಹೋದೆ. ಯಾರೋ ಕರೆದರೆಂದು ಗಕ್ಕನೆ ಎದ್ದರಂತೆ. ಎದ್ದ ರಭಸಕ್ಕೇ ಹಿಂದಕ್ಕೆ ಹೋಗಿ ತಲೆ ಕಟ್ಟೆಯ ಅಂಚಿಗೆ ಬಡಿಯಿತು.

ರಕ್ತ.

ನನ್ನ ಸೆರಗನ್ನೇ ಒತ್ತಿ ಹಿಡಿದು ಖಾನಾಪುರದ ಸರಕಾರಿ ದವಾಖಾನೆಗೆ ಒಯ್ದೆವು. ಡ್ಯೂಟಿ ಮೇಲೆ ಒಬ್ಬ ಹುಡುಗಿಯಂಥ ಡಾಕ್ಟರು ಇದ್ದಳು. ಮರಾಠಿ ಮನೆಮಾತಿನವಳು. "ಕಾಕಾ, ಇಕಡೆ ಬಘಾ" ಎಂದು ಇವರ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು. ನಾವು ಕನ್ನಡ ಮಾತಾಡಿದ್ದು ಕೇಳಿ ಕನ್ನಡಕ್ಕೆ ಬಂದಳು. ಗಾಯ ತೊಳೆದಳು, ಹೊಲಿಗೆ ಹಾಕಿದಳು. ಆಮೇಲೆ ಇವರ ಎರಡೂ ಅಂಗೈ ತಿರುವಿ ತಿರುವಿ ನೋಡಿದಳು.

"ಕಾಕಾ ಹಿಂದ ಬಿದ್ರೋ, ಮುಂದ ಬಿದ್ರೋ?"

ನನಗೆ ರೇಗಿಹೋಯಿತು. "ಬಿದ್ದಾರ್ರೀ! ತಲಿ ಒಡದೈತಿ. ಹಿಂದೇನು ಮುಂದೇನು?"

"ಸಿಟ್ಟಾಗಬ್ಯಾಡ್ರಿ ಕಾಕೂ. ಬೀಳೂ ಮುಂದ ಯಾರರ ಕೈ ಊರತಾರ. ಇವರ ಕೈಗೆ ಒಂದ ಗೀರೂ ಇಲ್ಲ. ಯಾವಾಗ್ಲೂ ಹಿಂಗ ಬೀಳತಾರೇನು?"

ನಾನು ಬಾಯಿ ತೆರೆದೆ. ಶಟರ್ ಮುಂದೆ, ಬಚ್ಚಲ ಬಾಗಿಲಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಎಲ್ಲ ಒಂದೊಂದೇ ಕಣ್ಣ ಮುಂದೆ ಬಂತು. ಪ್ರತಿ ಸಲವೂ ಹಿಂದಕ್ಕೇ. ಒಮ್ಮೆಯೂ ಮೊಣಕಾಲು ತರಚಿರಲಿಲ್ಲ. ಜೀವಮಾನವಿಡೀ ಮಕ್ಕಳಿಗೆ ದಿಕ್ಕು ಬರೆಯದ ಲೆಕ್ಕಕ್ಕೆ ಅಂಕ ಕಳೆದವಳು ನಾನು.

ಅಷ್ಟರಲ್ಲಿ ಈರಣ್ಣ ಸುಮ್ಮನಿರಲಾರದೆ ಮಾಮನ ಪರಿಚಯ ಮಾಡಿಕೊಡಲು ನಿಂತ. "ಇವರು ಸಾಮಾನ್ಯರಲ್ರಿ ಡಾಕ್ಟರ, ದೊಡ್ಡ ಸಾಧಕರು. ಲಿಂಗ ಹಿಡದ ಕೈ ಹಣಿ ಮಟ ಏರತೈತಿ. ಕಣ್ಣ ಪಿಳುಕಸಂಗಿಲ್ಲ."

ಅವಳು ಟವೆಲಿಗೆ ಕೈ ಒರೆಸಿಕೊಳ್ಳುತ್ತಿದ್ದಳು, ಒರೆಸುವುದನ್ನು ಬಿಟ್ಟಳು. "ಕೈ ಹಣಿ ಮಟ ಯಾಕ ಏರತೈತಿ?"

"ಕೆಳಗ ಕಾಣಂಗಿಲ್ಲಂತ್ರಿ" ಎಂದೆ ನಾನು. ಚಷ್ಮಾದ ಅಂಗಡಿಯವನು ರೂಢಿಯಾಗುತ್ತದೆ ಎಂದು ತಳ್ಳಿಹಾಕಿದ್ದ ಮಾತು ಅದು.

ಅವಳು ಟೇಬಲ್ಲಿನ ಮೇಲಿದ್ದ ಸಣ್ಣ ಔಷಧದ ಬಾಟಲಿಯೊಂದನ್ನು ಇವರ ಎಡಗೈಯಲ್ಲಿಟ್ಟು ನೋಡಲು ಹೇಳಿದಳು. ಕೈ ತಾನಾಗಿ ಕಣ್ಣಿನ ಮಟ್ಟಕ್ಕೆ ಏರಿತು. ಅವಳು ಅದನ್ನು ಮೆಲ್ಲಗೆ ಎದೆಯ ಮಟ್ಟಕ್ಕೆ ಇಳಿಸಿ ಮತ್ತೆ ನೋಡಲು ಹೇಳಿದಳು. ಇವರ ಕಣ್ಣು ಇಳಿಯಲಿಲ್ಲ. ಬೆರಳು ತೋರಿಸಿ ಮೇಲೆ, ಆಚೆ, ಈಚೆ ನೋಡಿಸಿದಳು. ತಡವಾಗಿಯಾದರೂ ಕಣ್ಣು ಹೋಯಿತು. ಬೆರಳು ಕೆಳಕ್ಕೆ ಹೋದಾಗ ಮಾತ್ರ ಕಣ್ಣು ಅಲ್ಲೇ ನಿಂತಿತು. ಆಮೇಲೆ ತನ್ನ ಮೂಗನ್ನೇ ನೋಡುತ್ತಿರಲು ಹೇಳಿ, ಇವರ ಗದ್ದ ಹಿಡಿದು ತಲೆಯನ್ನು ಮೆಲ್ಲಗೆ ಮೇಲಕ್ಕೆತ್ತಿದಳು. ಆಗ ಕಣ್ಣು ಸಲೀಸಾಗಿ ಕೆಳಗಿಳಿಯಿತು. ನಾನೇ ನೋಡಿದೆ.

"ಕಣ್ಣ ಕೆಟ್ಟಿಲ್ಲ ಕಾಕೂ" ಎಂದಳು. "ಕೆಳಗ ನೋಡು ಅಂತ ಮಿದುಳು ಕಣ್ಣಿಗೆ ಹೇಳಬೇಕು. ಆ ಹೇಳೂದು ನಿಂತೈತಿ. ಸುರೂಕ ಹಿಂದ ಬೀಳೂದು, ಕೆಳಗ ನೋಡಾಕ ಬರದಿರೂದು, ಕಣ್ಣ ಪಿಳುಕಸದಿರೂದು. ಇವೆಲ್ಲಾ ಕೂಡಿ ಬರೂದು ಒಂದ ಬ್ಯಾನಿಯೊಳಗ. ನಾ ಕಲಿಯೂವಾಗ ಅಂಥಾ ಪೇಶಂಟ್ ಒಬ್ಬರನ್ನ ಅಷ್ಟ ನೋಡೇನಿ. ನಾ ತಪ್ಪೂ ಇರಬಹುದು. ಆದ್ರ ನ್ಯೂರಾಲಜಿಸ್ಟ್ ನೋಡೂ ತನಕ ಕುತ್ತಿಗಿ ಆಪರೇಶನ್ ಮಾಡಸಬ್ಯಾಡ್ರಿ."

ದೊಡ್ಡ ದೊಡ್ಡ ಡಾಕ್ಟರು ಫಿಲ್ಮ್ ನೋಡಿ ಹೇಳಿದ್ದನ್ನು ಈ ಹುಡುಗಿ ಬಾಟಲಿ ಹಿಡಿಸಿ ಬೇಡ ಎನ್ನುತ್ತಾಳಲ್ಲ ಎಂದು ಈರಣ್ಣ ದಾರಿಯುದ್ದಕ್ಕೂ ಗೊಣಗಿದ. ನಾನು ಅವನಿಗೆ ಬಾಯಿ ಮುಚ್ಚಿಕೊಂಡು ಕುಳಿತಿರಲು ಹೇಳಿದೆ. ಅವಳು ನನ್ನ ಗಂಡನ ಕಣ್ಣನ್ನು ನೋಡಿದ್ದಳು. ಉಳಿದವರೆಲ್ಲ ಕಾಗದ, ಫಿಲ್ಮು, ಗೋಡೆ ನೋಡಿದ್ದರು.

ಬೆಳಗಾವಿಯ ನ್ಯೂರಾಲಜಿಸ್ಟ್ ಮತ್ತೆ ಅದೇ ಪರೀಕ್ಷೆಗಳನ್ನು ಮಾಡಿದರು. ಮಿದುಳಿನ ಎಂ.ಆರ್.ಐ. ಆಯಿತು. ನಡುವಿನ ಒಂದು ಭಾಗ ಕುಗ್ಗಿದೆ ಎಂದರು. ಹೆಸರು ಪ್ರೊಗ್ರೆಸಿವ್ ಸುಪ್ರಾನ್ಯೂಕ್ಲಿಯರ್ ಪಾಲ್ಸಿ. ಚಿಕ್ಕದಾಗಿ ಪಿ.ಎಸ್.ಪಿ. ಬಹಳ ಅಪರೂಪದ್ದು, ಸುರುವಿನಲ್ಲಿ ಗುರುತು ಹತ್ತುವುದು ಕಷ್ಟ, ಪಾರ್ಕಿನ್ಸನ್ಸ್ ಗುಳಿಗೆ ಕೊಟ್ಟು ನೋಡೋಣ, ಹೆಚ್ಚು ಉಪಯೋಗವಾಗಲಿಕ್ಕಿಲ್ಲ ಎಂದರು.

"ವಾಸಿ ಆಗ್ತದೇನ್ರಿ?"

"ಇಲ್ಲ. ಏರುತ್ತಾ ಹೋಗುತ್ತದೆ."

"ಒಂದೂವರಿ ವರ್ಷದ ಹಿಂದ ಗೊತ್ತಾಗಿದ್ರ?"

"ರೋಗ ಇದೇ ಇರುತ್ತಿತ್ತು. ಆದರೆ ಇಷ್ಟು ಸಲ ಬೀಳುತ್ತಿರಲಿಲ್ಲ."

ಹೆಸರು ಸಿಕ್ಕಿತು. ಒಂದೂವರೆ ವರ್ಷ ನಾನು ಬೇಡಿದ್ದು ಇದೇ. ಹೊರಗಿನ ಬೆಂಚಿನ ಮೇಲೆ ಕುಳಿತು ಅತ್ತೆ. ಸಿಟ್ಟಿನಿಂದ ಅತ್ತೆನೋ ದುಃಖದಿಂದ ಅತ್ತೆನೋ ಹೇಳಲಾರೆ. ಎಲುಬಿನ ಡಾಕ್ಟರಿಗೆ ಆಪರೇಶನ್ ಬೇಡ ಎಂದು ಹೇಳಿಬಂದೆ. ಕುತ್ತಿಗೆಯಲ್ಲೂ ತೊಂದರೆ ಇದ್ದೇ ಇದೆಯಲ್ಲ ಎಂದರು. ಇರಬಹುದು. ಈ ವಯಸ್ಸಿನಲ್ಲಿ ಯಾರ ಕುತ್ತಿಗೆ ನೆಟ್ಟಗಿದೆ? ಅಪರೂಪದ ರೋಗ ಗೊತ್ತಾಗಲಿಲ್ಲ ಎಂದು ನಾನು ಯಾರನ್ನೂ ದೂರುವುದಿಲ್ಲ. ಹೆಸರು ಗೊತ್ತಿರಬೇಕಾಗಿಯೂ ಇರಲಿಲ್ಲ. ಪೇಶಂಟು ಒಂದೇ ದಿಕ್ಕಿಗೆ ಬೀಳುತ್ತಿದ್ದಾನೆ, ತನ್ನ ತಾಟನ್ನು ತಾನು ನೋಡಲಾರ, ಇದು ನಮ್ಮ ಗುಳಿಗೆಗೆ ಬಗ್ಗುವ ಸಂಗತಿಯಲ್ಲ ಎಂದು ಯಾರಾದರೂ ಮುಂದಕ್ಕೆ ಕಳಿಸಿದ್ದರೆ ಸಾಕಿತ್ತು.

ಗಂಗಕ್ಕ ಒಪ್ಪಲಿಲ್ಲ. "ಮಿದುಳಿನ ರೋಗ ಅಂತ ಹೇಳಿ ನನ್ನ ತಮ್ಮನ ಹೆಸರ ಕೆಡಸಬ್ಯಾಡ" ಎಂದು ಜಗಳಾಡಿ ಹೋದವರು ಬಹಳ ದಿನ ಬರಲಿಲ್ಲ. ಬಂದಾಗ ತಮ್ಮನ ಎದುರಿಗೇ ಕುಳಿತು ಕೇಳಿದರು. "ನೀನ ಹೇಳಪಾ. ಲಿಂಗ ನೋಡೂ ಮುಂದ ನಿನಗ ಏನ ಕಾಣತೈತಿ?"

"ಲಿಂಗ... ಕಾಣತೈತಿ" ಎಂದರು ಇವರು. "ಕೈ... ಇಳಿಸಿದ್ರ... ಅದೂ ಕಾಣಂಗಿಲ್ಲ. ಅಷ್ಟಕ್ಕಾ."

ಗಂಗಕ್ಕ ಅವರ ಕೈ ಹಿಡಿದುಕೊಂಡು ಗೊಳೋ ಎಂದು ಅತ್ತರು. ಬೆಳಿಗ್ಗೆ ಬರುವ ಜನ ಅಂದಿನಿಂದ ಬರಲಿಲ್ಲ. ಚಹಾದ ಪುಡಿ ಉಳಿಯಿತು ಎಂದು ಪ್ರಕಾಶನಿಗೆ ಹೇಳಿದೆ, ಅವನು ನಗಲಿಲ್ಲ.

ಗಂಗಕ್ಕ ಬಾರದಿದ್ದ ದಿನಗಳಲ್ಲೇ ಹೊಲಿಗೆ ಬಿಚ್ಚಿಸಲು ಖಾನಾಪುರಕ್ಕೇ ಹೋಗಿದ್ದೆವು. ಆ ಡಾಕ್ಟರು ಹುಡುಗಿ ತಾನು ಹೇಳಿದ್ದು ಸರಿಯಾಯಿತೆಂದು ಹಿಗ್ಗಲಿಲ್ಲ. "ಸುಳ್ಳಾಗ್ಲಿ ಅಂತ ಅನ್ಕೊಂಡಿದ್ದೆ ಕಾಕೂ" ಎಂದಳು. ತಾಟನ್ನು ಎತ್ತರದ ಸ್ಟೂಲಿನ ಮೇಲಿಡಿ, ತೆಳ್ಳಗಿನ ನೀರು ಗಂಟಲಿಗೆ ಸಿಕ್ಕೀತು, ಪುಡಿ ಬೆರೆಸಿ ಗಂಜಿಯಂತೆ ಗಟ್ಟಿ ಮಾಡಿ ಗುಟುಕು ಗುಟುಕಾಗಿ ಕುಡಿಸಿ, ಅವಸರದಲ್ಲಿ ಏಳಲು ಬಿಡಬೇಡಿ ಎಂದು ಬಿಡಿಸಿ ಬಿಡಿಸಿ ಹೇಳಿದಳು. ನಿಮಗೆ ನಿದ್ದೆ ಬರುತ್ತದಾ ಎಂದು ನನ್ನನ್ನೂ ಕೇಳಿದಳು. ಅಷ್ಟು ದಿನದಲ್ಲಿ ಅದನ್ನು ಕೇಳಿದವಳೂ ಅವಳೊಬ್ಬಳೇ. ಅವಳಿಗೆ ಏನು ಕೊಟ್ಟರೂ ಕಡಿಮೆಯೇ.

ಹೆಸರು ಸಿಕ್ಕ ಮೇಲೆ ಮನೆಯ ದನಿ ಬದಲಾಯಿತು. ಎಲ್ಲರೂ ಮೆತ್ತಗೆ ಮಾತಾಡತೊಡಗಿದರು. ಪ್ರಕಾಶ ಅಪ್ಪನ ಹತ್ತಿರ ಶಾಪಿನ ಗೋಳು ಹೇಳುವುದನ್ನು ಬಿಟ್ಟ. ನಾನೂ ಬದಲಾದೆ. ಅಂಗಿಯ ಮೇಲೆ ಸಾರು ಬಿದ್ದರೆ ಒರೆಸಿ ಸುಮ್ಮನಾಗುತ್ತಿದ್ದೆ. ರೋಗಿಯ ಮೇಲೆ ಯಾರಾದರೂ ಒದರುತ್ತಾರೆಯೇ? ಸಿಟ್ಟು ಬಂದರೆ ಅಡುಗೆ ಮನೆಗೆ ಹೋಗಿ ಪಾತ್ರೆಗಳ ಮೇಲೆ ತೀರಿಸಿಕೊಳ್ಳುತ್ತಿದ್ದೆ. ಇವರು ಕಿಟಕಿಯ ಹತ್ತಿರ ಕುಳಿತಿರುತ್ತಿದ್ದರು. ಆಡುತ್ತಿದ್ದ ನಾಲ್ಕು ಮಾತೂ ಎರಡಕ್ಕಿಳಿದವು. ರೋಗ ಏರುತ್ತಿದೆ ಎಂದುಕೊಂಡೆ.

ಮೊನ್ನೆ ಮಧ್ಯಾಹ್ನ ನಾನು ಬಟ್ಟೆ ಒಣಹಾಕಲು ಹೋದಾಗ ಇವರು ಒಬ್ಬರೇ ಎದ್ದಿದ್ದಾರೆ. ಸಪ್ಪಳ ಕೇಳಿ ಓಡಿಬಂದೆ. ಪುಣ್ಯಕ್ಕೆ ಹಾಸಿಗೆಯ ಮೇಲೇ ಬಿದ್ದಿದ್ದರು. ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ಆದರೂ ದನಿ ತಗ್ಗಿಸಿ, "ಏನೂ ಆಗಿಲ್ರಿ, ಸಾವಕಾಶ ಏಳ್ರಿ" ಎಂದು ಎಬ್ಬಿಸಿ ಕೂರಿಸಿದೆ.

ಅವರು ನನ್ನನ್ನೇ ನೋಡುತ್ತಿದ್ದರು. ಬಾಯಿ ಏನೋ ಹೇಳಲು ಹೆಣಗುತ್ತಿತ್ತು. ಕಾದೆ.

"ಬೈ" ಎಂದರು.

"ಏನಂದ್ರಿ?"

"ಬೈಯೂದು... ಯಾಕ... ಬಿಟ್ಟಿ?"

ಅವರು ಇನ್ನೂ ಮುಗಿಸಿರಲಿಲ್ಲ. ಒಂದೊಂದು ಮಾತಿಗೂ ಉಸಿರು ತೆಗೆದುಕೊಂಡು ಹೇಳಿದರು. "ಮಂದಿ... ಕುಡಕ ಅಂದ್ರು. ದೇವ್ರು ಅಂದ್ರು. ಈಗ... ಪೇಶಂಟ್. ನೀ ಬೈದ್ರ... ಗಂಡ ಅನಸ್ತದ."

ಆಮೇಲೆ ಬಂತು ನೋಡಿ, ಇಷ್ಟು ತಿಂಗಳು ಪಾತ್ರೆಗಳ ಮೇಲೆ ತೀರಿಸಿಕೊಂಡಿದ್ದೆಲ್ಲ ಬಂತು.

"ಒಬ್ಬರ ಏಳಬ್ಯಾಡ್ರಿ ಅಂತ ಎಷ್ಟ ಸಲ ಬಡಕೋಬೇಕ್ರಿ ನಿಮಗ? ಹಾಸಗಿ ತಪ್ಪಿ ನೆಲಕ್ಕ ಬಿದ್ದಿದ್ರ? ನನಗೇನ ವಯಸ್ಸ ಸಣ್ಣ ಆಗೇತೇನ ಓಡಿ ಬರಾಕ? ಹೇಳಿದ ಮಾತ ಒಂದರ ಕಿವಿ ಮ್ಯಾಲ ಹಾಕ್ಕೊಂಡೀರೇನ ಇಷ್ಟ ವರ್ಷದಾಗ?"

ಅವರ ಮುಖದ ಸ್ನಾಯುಗಳು ಈಗ ಸುಲಭಕ್ಕೆ ಅಲ್ಲಾಡುವುದಿಲ್ಲ. ನಗು ಬರಲು ಹೊತ್ತು ಹಿಡಿಯುತ್ತದೆ. ನಾನು ಬೈಯುತ್ತಲೇ ಇದ್ದೆ. ಬಹಳ ಹೊತ್ತಿನ ಮೇಲೆ ತುಟಿಯ ಒಂದು ಕೊನೆ ಸ್ವಲ್ಪ ಮೇಲಕ್ಕೆ ಹೋಯಿತು. "ಚಹಾ" ಎಂದರು.

ಬಾಜೂ ಮನೆಯವರು ಕಿಟಕಿ ತೆರೆದು ಇತ್ತ ನೋಡಿದರು, ಪಾಪ, ಕಾಯಿಲೆಯ ಮನುಷ್ಯನಿಗೆ ಹೀಗೆ ಬೈಯುತ್ತಾಳಲ್ಲ ಎನ್ನುವಂತೆ. ನೋಡಲಿ ಎಂದು ನಾನು ಇನ್ನೂ ಜೋರಾಗಿ ಬೈದೆ.